ಅಂತಾರಾಷ್ಟ್ರೀಯ ರಗ್ಬಿ ಲೀಗ್, ತಂಡದ ಆಯ್ಕೆ: ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಸಿಡ್ನಿಯ ಪಶ್ಚಿಮದಲ್ಲಿ, ಪ್ಯಾರಮ್ಯಾಟಾ ಹತ್ತಿರ. ಹ್ಯಾರಿಸ್ ಪಾರ್ಕ್‌ನಲ್ಲಿ ದೋಸೆ ತಿಂದು ಹೊರಗೆ ಬಂದರೆ, ನೀಲಿ-ಹಳದಿ ಜರ್ಸಿ ಹಾಕಿಕೊಂಡ ಜನ ಸಾಲುಸಾಲಾಗಿ ಸ್ಟೇಡಿಯಂ ಕಡೆ ನಡೆಯುತ್ತಿರುತ್ತಾರೆ. ಹಾಗೆ ಒಂದು ಸಂಜೆ ಅವರ ಹಿಂದೆ ಹೋದವನಿಗೆ ಈ ಆಟ ಹತ್ತಿಕೊಂಡಿತು. ಈಗ ಊರಿನ ಗೆಳೆಯರು, ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಏನಾದರೂ ಕೇಳುತ್ತಲೇ ಇರುತ್ತಾರೆ. ಜಾಸ್ತಿ ಕೇಳುವುದು ದೇಶಗಳ ನಡುವಿನ ಪಂದ್ಯಗಳ ಬಗ್ಗೆ. ಅದರಲ್ಲೂ, "ಇವನು ಮೊನ್ನೆ ಆ ದೇಶಕ್ಕೆ ಆಡಿದ್ದ, ಈಗ ಈ ದೇಶದ ಜರ್ಸಿ ಹೇಗೆ ಹಾಕಿದ?" ಅಂತ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಬೆಂಗಳೂರಿನ ತಂಡ ಆಡಿದ ರಗ್ಬಿ ಪ್ರೀಮಿಯರ್ ಲೀಗ್ ಅಂದರೆ ಇದೇನಾ?

ಅಲ್ಲ. ಹೆಸರಿನಲ್ಲಿ 'ಲೀಗ್' ಇರುವುದರಿಂದ ಈ ಗೊಂದಲ. 2025ರಲ್ಲಿ ಮುಂಬೈನಲ್ಲಿ ನಡೆದ ಆ ಟೂರ್ನಿಯಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದು ಏಳು ಜನರ ರಗ್ಬಿ. ಅದು ರಗ್ಬಿ ಯೂನಿಯನ್ ಮನೆತನದ್ದು. ನಾನು ಹೇಳುತ್ತಿರುವ ರಗ್ಬಿ ಲೀಗ್ ಬೇರೆಯೇ ಆಟ. ತಂಡಕ್ಕೆ 13 ಜನ. ಬೆಂಚಿನಿಂದ ಸಾಮಾನ್ಯವಾಗಿ 4 ಜನ ಬದಲಿಯಾಗಿ ಇಳಿಯಬಹುದು.

ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಚೆಂಡು ಹಿಡಿದವನು ಎದುರಾಳಿಗಳ ಸಾಲಿಗೆ ನುಗ್ಗುತ್ತಾನೆ. ಅವರು ಹಿಡಿದು ಕೆಡವುತ್ತಾರೆ. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಆಟ ಮುಂದುವರಿಯುತ್ತದೆ. ಹೀಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 4 ಅಂಕ. ಆಮೇಲೆ ಅದನ್ನು ಕಂಬಗಳ ನಡುವೆ ಒದ್ದರೆ ಇನ್ನು 2. ಆಟ ನಡೆಯುವಾಗಲೇ ಚೆಂಡನ್ನು ನೆಲಕ್ಕೆ ಬಡಿದು ಒದೆಯುವ ಡ್ರಾಪ್ ಗೋಲ್‌ಗೆ 1. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ನೋಡ್ತಾ ನೋಡ್ತಾ ಬರುತ್ತದೆ.

ಎರಡು ಬಗೆಯ ರಗ್ಬಿ ಯಾಕೆ ಹುಟ್ಟಿತು?

ಕೂಲಿಯ ಜಗಳ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಕೆಲಸಗಾರರು ಶನಿವಾರ ಆಡಲು ಹೋದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಅದನ್ನಾದರೂ ಕಟ್ಟಿಕೊಡಿ ಅಂದರು. ಲಂಡನ್ನಿನ ದೊಡ್ಡವರು ಆಗಲ್ಲ ಅಂದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆಯಾದವು. 1906ರಲ್ಲಿ 15 ಜನರ ಬದಲು 13 ಜನ ಅಂತ ಮಾಡಿಕೊಂಡರು. ಈ ಹುಟ್ಟು ನೆನಪಿನಲ್ಲಿರಲಿ. ಈ ಆಟದಲ್ಲಿ ಯಾರನ್ನು ಆರಿಸಿದರು, ಯಾರನ್ನು ಬಿಟ್ಟರು ಅನ್ನುವ ಪ್ರಶ್ನೆ ಜನರಿಗೆ ಅಷ್ಟು ನಾಟುವುದಕ್ಕೆ ಇದೂ ಒಂದು ಕಾರಣ.

ಒಬ್ಬ ಆಟಗಾರ ಯಾವ ಯಾವ ದೇಶಕ್ಕೆ ಆಡಬಹುದು?

ಹುಟ್ಟಿದ ದೇಶಕ್ಕೆ ಆಡಬಹುದು. ಅಪ್ಪ-ಅಮ್ಮ ಅಥವಾ ಅಜ್ಜ-ಅಜ್ಜಿ ಹುಟ್ಟಿದ ದೇಶಕ್ಕೂ ಆಡಬಹುದು. ಸತತ ಐದು ವರ್ಷ ವಾಸವಿದ್ದ ದೇಶಕ್ಕೂ ಆಗುತ್ತದೆ.

ಇದರ ಮೇಲೆ ಇನ್ನೊಂದು ನಿಯಮವಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡ್ ಈ ಮೂರು ಮೊದಲ ದರ್ಜೆಯ ದೇಶಗಳು. ಇವುಗಳಲ್ಲಿ ಒಂದಕ್ಕೆ ಆಡಿದವನು ಇನ್ನೊಂದಕ್ಕೆ ಆಡುವಂತಿಲ್ಲ. ಆದರೆ ಮೊದಲ ದರ್ಜೆಯ ಒಂದು ದೇಶ ಮತ್ತು ಪೆಸಿಫಿಕ್‌ನ ಸಣ್ಣ ದ್ವೀಪಗಳಾದ ಟೋಂಗಾ, ಸಮೋವಾ, ಫಿಜಿ, ಇಲ್ಲಾ ಲೆಬನಾನ್ ತರಹದ ಒಂದು ದೇಶದ ನಡುವೆ ಓಡಾಡಬಹುದು. ಒಂದೇ ಟೂರ್ನಿಯ ಮಧ್ಯದಲ್ಲಿ ಮಾತ್ರ ಬದಲಾಯಿಸುವ ಹಾಗಿಲ್ಲ.

ಇದು ಪಕ್ಷಾಂತರ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಬಾರಿ ಕೇಳಿಸಿಕೊಂಡ ಪ್ರಶ್ನೆ ಇದು. ನನ್ನ ಉತ್ತರ: ಅಲ್ಲ. ಅಲ್ಲವೇ ಅಲ್ಲ.

2017ರ ವಿಶ್ವಕಪ್ ಹತ್ತಿರ ಬಂದಿತ್ತು. ಜೇಸನ್ ಟೌಮಲೊಲೊ ಆಗ ಆಟದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರು. ಹುಟ್ಟಿದ್ದು ಆಕ್ಲೆಂಡ್‌ನಲ್ಲಿ, ಟೋಂಗಾ ಮೂಲದ ಮನೆಯಲ್ಲಿ. ನ್ಯೂಜಿಲೆಂಡ್ ಪರ ಆಡುತ್ತಿದ್ದವರು. ತಂಡ ಪ್ರಕಟವಾಗುವ ಹೊತ್ತಿಗೆ, ನಾನು ಟೋಂಗಾಕ್ಕೆ ಆಡುತ್ತೇನೆ ಅಂದರು. ಸಿಡ್ನಿಯಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೆ ಆಡುತ್ತಿದ್ದ ಆ್ಯಂಡ್ರ್ಯೂ ಫಿಫಿಟಾ ಕೂಡ ಹಾಗೇ ಮಾಡಿದರು. ದೊಡ್ಡ ದೇಶಕ್ಕೆ ಆಡಿದರೆ ಸಿಗುವ ಹಣದ ಮುಂದೆ ಟೋಂಗಾ ಕೊಡುವುದು ಬಹಳ ಕಡಿಮೆ. ಪಕ್ಷಾಂತರ ಮಾಡುವವರು ಜಾಸ್ತಿ ಸಿಗುವ ಕಡೆ ಹೋಗುತ್ತಾರೆ. ಇವರು ಕಡಿಮೆ ಸಿಗುವ ಕಡೆ ಹೋದರು. ಆ ಒಂದು ವ್ಯತ್ಯಾಸವೇ ನನಗೆ ಸಾಕು.

ಆಮೇಲೆ ಆಗಿದ್ದು ನೋಡಿ. ನವೆಂಬರ್ 11ರಂದು ಹ್ಯಾಮಿಲ್ಟನ್‌ನಲ್ಲಿ ಟೋಂಗಾ ಮತ್ತು ನ್ಯೂಜಿಲೆಂಡ್ ಪಂದ್ಯ. ಅರ್ಧ ಆಟಕ್ಕೆ ನ್ಯೂಜಿಲೆಂಡ್ 16, ಟೋಂಗಾ 2. ಮುಗಿದಾಗ ಟೋಂಗಾ 28, ನ್ಯೂಜಿಲೆಂಡ್ 22. ಡೇವಿಡ್ ಫುಸಿಟುವಾ ಮೂರು ಟ್ರೈ ಹೊಡೆದರು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 73ನೇ ನಿಮಿಷದವರೆಗೂ 0-20. ಅಲ್ಲಿಂದ ಏಳೇ ನಿಮಿಷದಲ್ಲಿ ಮೂರು ಟ್ರೈ. ಕೊನೆಯ ಕ್ಷಣದಲ್ಲಿ ಫಿಫಿಟಾ ಗೆರೆಯ ಹತ್ತಿರ ಬಂದಾಗ ಕೈಯಿಂದ ಚೆಂಡು ಜಾರಿತು. 20-18ಕ್ಕೆ ಟೋಂಗಾ ಸೋತಿತು. ವಿಡಿಯೋ ನೋಡಿ ತೀರ್ಮಾನಿಸಬೇಕಿತ್ತು ಅಂತ ಟೋಂಗಾದವರು ಈಗಲೂ ಹೇಳುತ್ತಾರೆ. ಆಕ್ಲೆಂಡ್‌ನ ಮೌಂಟ್ ಸ್ಮಾರ್ಟ್ ಮೈದಾನ ಅವತ್ತು ಟೋಂಗಾ ಬಾವುಟಗಳಿಂದ ಪೂರ್ತಿ ಕೆಂಪಾಗಿತ್ತು.

ನನ್ನ ಜೊತೆ ಕೆಲಸ ಮಾಡುವ ಟೋಂಗಾ ಮೂಲದ ಗೆಳೆಯನೊಬ್ಬ ಇದ್ದಾನೆ. ಹುಟ್ಟಿದ್ದು, ಓದಿದ್ದು ಎಲ್ಲಾ ಇಲ್ಲೇ. "ನಮ್ಮಜ್ಜಿ ಅವತ್ತು ಟಿವಿ ಮುಂದೆ ಕೂತು ಪ್ರಾರ್ಥನೆ ಮಾಡಿದಳು. ಮೊದಲ ಸಲ ನಮ್ಮ ಹೆಸರನ್ನು ಜಗತ್ತು ಸರಿಯಾಗಿ ಉಚ್ಚರಿಸಿತು" ಅಂದಿದ್ದ. ಸಿಡ್ನಿಯಲ್ಲಿ ಹುಟ್ಟಿ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಅವರಿಗೆ ಎರಡೂ ಊರು ಅವರದೇ. ಒಂದನ್ನು ಇಟ್ಟುಕೋ, ಇನ್ನೊಂದನ್ನು ಬಿಡು ಅಂತ ಹೇಳುವ ಹಕ್ಕು ನಮಗೆ ಇಲ್ಲ. ಟೌಮಲೊಲೊ ಅವರಿಗೂ ಯಾರೂ ಹಾಗೆ ಹೇಳಬಾರದು.

ಅದು ಒಂದು ಸಲದ ಅದೃಷ್ಟ ಆಗಿರಬಹುದಲ್ಲ?

ಆಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ಟೋಂಗಾ ಗ್ರೇಟ್ ಬ್ರಿಟನ್ ತಂಡವನ್ನು 14-6ರಿಂದ ಸೋಲಿಸಿತು. ಮುಂದಿನ ವಾರವೇ ಆಸ್ಟ್ರೇಲಿಯಾವನ್ನು 16-12ರಿಂದ. ಅದೂ ಆಡಳಿತ ಮಂಡಳಿಯ ಗಲಾಟೆಯಿಂದ ಟೋಂಗಾ ಅನ್ನುವ ಹೆಸರಿನಲ್ಲಿ ಪೂರ್ತಿಯಾಗಿ ಆಡಲಾಗದೆ, 'ಟೋಂಗಾ ಇನ್ವಿಟೇಷನಲ್' ಅಂತ ಹೆಸರಿಟ್ಟುಕೊಂಡು.

ಇಲ್ಲಿ ನನ್ನನ್ನು ಬಹಳ ಕಾಡುವ ವಿಷಯ ಇನ್ನೊಂದು. ಆ ಸೋಲಿನ ನಂತರ ಆಸ್ಟ್ರೇಲಿಯಾ ಮುಂದಿನ ಪಂದ್ಯ ಆಡಿದ್ದು 2022ರ ಅಕ್ಟೋಬರ್ 15ಕ್ಕೆ, ಫಿಜಿ ಎದುರು. ಹತ್ತಿರ ಹತ್ತಿರ ಮೂರು ವರ್ಷ! ಕೋವಿಡ್ ಇತ್ತು, ಒಪ್ಪಿದೆ. ಆದರೆ 2021ರಲ್ಲಿ ನಡೆಯಬೇಕಿದ್ದ ವಿಶ್ವಕಪ್ ಒಂದು ವರ್ಷ ಮುಂದೆ ಹೋಗಿದ್ದೇ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬರಲ್ಲ ಅಂದಿದ್ದಕ್ಕೆ. ಅಷ್ಟು ದಿನ ದೇಶದ ತಂಡವೇ ಇಲ್ಲದಿದ್ದರೆ ಯಾರನ್ನು ಆರಿಸಬೇಕು ಅನ್ನುವ ಮಾತಾದರೂ ಎಲ್ಲಿಂದ ಬರಬೇಕು?

2024ರ ನವೆಂಬರ್‌ನಲ್ಲಿ ಟೋಂಗಾ ಈಡನ್ ಪಾರ್ಕ್‌ನಲ್ಲಿ ನ್ಯೂಜಿಲೆಂಡನ್ನು 25-24ರಿಂದ ಸೋಲಿಸಿ ಪೆಸಿಫಿಕ್ ಚಾಂಪಿಯನ್‌ಶಿಪ್ ಫೈನಲ್‌ಗೆ ಬಂತು. ಫೈನಲ್ ನಡೆದಿದ್ದು ನಮ್ಮ ಪ್ಯಾರಮ್ಯಾಟಾದಲ್ಲೇ. ಆಸ್ಟ್ರೇಲಿಯಾ 20-14ರಿಂದ ಗೆದ್ದಿತು. ನಾನು ಸ್ಟ್ಯಾಂಡಿನಲ್ಲಿದ್ದೆ. ಪಂದ್ಯಕ್ಕೆ ಮುಂಚೆ ಟೋಂಗಾದವರು ದೇವರ ಹಾಡು ಹೇಳಿದಾಗ ಸುತ್ತ ಇದ್ದ ಸಾವಿರಾರು ಜನ ಅಳುತ್ತಲೇ ಹಾಡಿದರು. ಭಾಷೆ ಒಂದಕ್ಷರ ಬರದ ನನ್ನ ಕಣ್ಣೂ ತುಂಬಿತು.

ಸಮೋವಾ ಫೈನಲ್‌ಗೆ ಬಂದದ್ದು ಹೇಗೆ?

2022ರಲ್ಲಿ ನಡೆದ ಆ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಇಂಗ್ಲೆಂಡ್ ಸಮೋವಾವನ್ನು 60-6ರಿಂದ ಬಡಿದು ಹಾಕಿತು. ಹೆಸರುಗಳನ್ನು ನೋಡಿದರೆ ಸಮೋವಾ ತಂಡ ಭರ್ಜರಿಯಾಗಿತ್ತು. ಜರೋಮ್ ಲುವಾಯ್, ಬ್ರಯನ್ ಟೊಒ, ಸ್ಟೀಫನ್ ಕ್ರೈಟನ್, ಜೂನಿಯರ್ ಪೌಲೊ. ಆದರೆ ಒಟ್ಟಿಗೆ ಆಡಿ ಅಭ್ಯಾಸ ಇರಲಿಲ್ಲ. ಕೆಲವೇ ವಾರಗಳ ನಂತರ ಲಂಡನ್ನಿನ ಎಮಿರೇಟ್ಸ್ ಮೈದಾನದಲ್ಲಿ ಅದೇ ಇಂಗ್ಲೆಂಡ್ ಎದುರು ಸೆಮಿಫೈನಲ್. 26-26ಕ್ಕೆ ಸಮ. ಹೆಚ್ಚುವರಿ ಸಮಯದಲ್ಲಿ ಮೊದಲು ಅಂಕ ಗಳಿಸಿದವರು ಗೆದ್ದಂತೆ. ಸೆಂಟರ್ (ಅಂಚಿನ ಆಟಗಾರನ ಪಕ್ಕದ ಜಾಗ) ಆಡುವ ಕ್ರೈಟನ್ ಒಂದು ಡ್ರಾಪ್ ಗೋಲ್ ಒದ್ದರು. 27-26.

ಫೈನಲ್‌ನಲ್ಲಿ ಆಸ್ಟ್ರೇಲಿಯಾ 30-10ರಿಂದ ಗೆದ್ದಿತು ನಿಜ. ಆದರೆ ಪೆಸಿಫಿಕ್ ದ್ವೀಪದ ದೇಶವೊಂದು ವಿಶ್ವಕಪ್ ಫೈನಲ್ ಆಡಿದ್ದು ಅದೇ ಮೊದಲು. ಲುವಾಯ್ ಮುಂತಾದ ಆ ನಾಲ್ಕೂ ಜನ ಆಸ್ಟ್ರೇಲಿಯಾದಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯಕ್ಕೆ ಆಡಿದವರು. ನಿಯಮ ಬಿಗಿಯಾಗಿದ್ದರೆ ಅವರು ಮನೆಯಲ್ಲಿ ಕೂತು ಟಿವಿ ನೋಡಬೇಕಿತ್ತು. 60-6ರ ಸೋಲನ್ನು ನೋಡಿ ತಂಡವನ್ನೇ ಬಗೆದು ಹಾಕದೆ ಅದೇ ಹುಡುಗರನ್ನು ನಂಬಿದ ಕೋಚ್ ಮ್ಯಾಟ್ ಪ್ಯಾರಿಶ್ ಅವರಿಗೂ ನಾನು ಅಂಕ ಕೊಡುತ್ತೇನೆ.

2025ರಲ್ಲಿ ಆಸ್ಟ್ರೇಲಿಯಾದ ಪ್ರಾಪ್ (ಮುಂಚೂಣಿಯ ದೈತ್ಯ ಆಟಗಾರ) ಪೇನ್ ಹಾಸ್, ಇಂಗ್ಲೆಂಡ್ ಎದುರಿನ ರಗ್ಬಿ ಲೀಗ್ ಆ್ಯಶಸ್ ಸರಣಿಯನ್ನೇ ಬಿಟ್ಟು ಸಮೋವಾ ಆರಿಸಿಕೊಂಡರು. ಈಗ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ತಂಡ ಆರಿಸುವಾಗ ಮೊದಲು ಏನು ನೋಡಬೇಕು ಅಂತೀರಿ?

ಜಾಗ. ಯಾವ ಜಾಗಕ್ಕೆ ಯಾರು ಹುಟ್ಟಿದ್ದಾರೋ ಅವರನ್ನು ಆ ಜಾಗಕ್ಕೆ ಆರಿಸಬೇಕು. ಕೇಳಲು ಸಣ್ಣ ಮಾತು. ಆದರೆ 2019ರ ಗ್ರೇಟ್ ಬ್ರಿಟನ್ ಪ್ರವಾಸ ನೋಡಿದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು.

2008ರಿಂದ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಬೇರೆ ಬೇರೆಯಾಗಿ ಆಡುತ್ತಿದ್ದವು. ಹಳೆಯ ಗ್ರೇಟ್ ಬ್ರಿಟನ್ ಜರ್ಸಿ ವಾಪಸ್ ಬಂತು ಅಂತ ಜನ ಎಷ್ಟು ಖುಷಿಪಟ್ಟಿದ್ದರು! ಕೋಚ್ ವೇಯ್ನ್ ಬೆನೆಟ್, ಈ ಆಟ ಕಂಡ ಮಹಾ ಕೋಚ್‌ಗಳಲ್ಲಿ ಒಬ್ಬರು. ಆದರೆ ಆರಿಸಿದ ತಂಡದಲ್ಲಿ ಹಾಫ್ (ತಂಡದ ಆಟವನ್ನು ನಡೆಸುವ 6, 7ನೇ ನಂಬರಿನವರು) ಆಡುವವರು ಜಾಸ್ತಿ, ವಿಂಗರ್‌ಗಳು (ಮೈದಾನದ ಅಂಚಿನಲ್ಲಿ ಆಡುವವರು) ಕಡಿಮೆ. ಕೊನೆಗೆ ಜೀವನವಿಡೀ ಹಾಫ್ ಆಡಿದ ಬ್ಲೇಕ್ ಆಸ್ಟಿನ್ ಅವರನ್ನು ವಿಂಗ್‌ನಲ್ಲಿ ನಿಲ್ಲಿಸಬೇಕಾಯಿತು. ಟೋಂಗಾ ಎದುರು ಸೋಲು, ನ್ಯೂಜಿಲೆಂಡ್ ಎದುರು ಎರಡು ಸೋಲು, ಪೋರ್ಟ್ ಮೋರ್ಸ್‌ಬಿಯಲ್ಲಿ ಪಪುವಾ ನ್ಯೂಗಿನಿ ಎದುರು 28-10ರ ಸೋಲು. ನಾಲ್ಕಕ್ಕೆ ನಾಲ್ಕು.

ವಿಂಗ್‌ನಲ್ಲಿ ನಿಲ್ಲುವುದು ಬರೀ ಓಟ ಅಲ್ಲ. ಮೇಲಿಂದ ಬರುವ ಚೆಂಡಿನ ಕೆಳಗೆ ನಿಲ್ಲುವುದು, ಒಳಗೆ ಬರಬೇಕೋ ಹೊರಗೆ ನಿಲ್ಲಬೇಕೋ ಅಂತ ಅರೆಕ್ಷಣದಲ್ಲಿ ತೀರ್ಮಾನಿಸುವುದು, ನಮ್ಮ ಗೆರೆಯ ಹತ್ತಿರದಿಂದ ಮೊದಲ ಏಟನ್ನು ತಿನ್ನುತ್ತಾ ಚೆಂಡನ್ನು ಹೊರಗೆ ತರುವುದು. ಇದನ್ನು ಬಾಲ್ಯದಿಂದ ಮಾಡಿದವನಿಗೂ, ಹೋದ ವಾರ ಕಲಿತವನಿಗೂ ತುಂಬಾ ವ್ಯತ್ಯಾಸ ಇದೆ. ಆ ಹುಡುಗರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಕಾಗದದ ಮೇಲೆ ಹೆಸರು ಬರೆದ ದಿನವೇ ಆ ಪ್ರವಾಸ ಸೋತಿತ್ತು.

ಫಾರ್ಮ್ ನೋಡಬೇಕಾ, ನಂಬಿಕೆ ಇಡಬೇಕಾ?

ಎರಡಕ್ಕೂ ಜಾಗ ಇದೆ. ಆದರೆ ಯಾಕೆ ಆರಿಸಿದಿರಿ ಅನ್ನುವುದನ್ನು ಹೊರಗೆ ಹೇಳಬೇಕು.

2016ರಿಂದ 2024ರವರೆಗೆ ಆಸ್ಟ್ರೇಲಿಯಾದ ಕೋಚ್ ಆಗಿದ್ದ ಮಾಲ್ ಮೆನಿಂಗಾ ಅವರಿಗೆ ನಂಬಿಕೆಯ ಆಯ್ಕೆ ಇಷ್ಟ. 2022ರಲ್ಲಿ ಅವರ ಮುಂದೆ ಒಂದು ಕಷ್ಟದ ತೀರ್ಮಾನ ಇತ್ತು. 7ನೇ ನಂಬರಿನ ಹಾಫ್‌ಬ್ಯಾಕ್ ಜಾಗ ಅನುಭವಿ ಡೇಲಿ ಚೆರ್ರಿ-ಇವಾನ್ಸ್ ಅವರಿಗಾ, ಕಿರಿಯ ನೇಥನ್ ಕ್ಲಿಯರಿ ಅವರಿಗಾ? ಗುಂಪು ಹಂತದಲ್ಲಿ ಇಬ್ಬರಿಗೂ ಅವಕಾಶ ಕೊಟ್ಟು ನೋಡಿದರು. ಕ್ಲಿಯರಿ ಮೊದಲ ಟೆಸ್ಟ್ (ಇಲ್ಲಿ ದೇಶಗಳ ನಡುವಿನ ಪಂದ್ಯಕ್ಕೆ ಹಾಗೆನ್ನುತ್ತಾರೆ) ಆಡಿದ್ದು ಸ್ಕಾಟ್ಲೆಂಡ್ ಎದುರು, ಆಸ್ಟ್ರೇಲಿಯಾ 84-0ರಿಂದ ಗೆದ್ದ ಪಂದ್ಯದಲ್ಲಿ. ನಾಕೌಟ್‌ಗೆ ಕ್ಲಿಯರಿ ಅವರನ್ನೇ ಉಳಿಸಿಕೊಂಡರು. ಸರಿಯಾದ ತೀರ್ಮಾನ, ಸರಿಯಾದ ದಾರಿ. ಇಬ್ಬರೂ ಮೈದಾನದಲ್ಲಿ ತೋರಿಸಿದ ಮೇಲೆ ಬಂದ ಉತ್ತರ ಅದು. ಯಾರೂ ಮೂಲೆಯಲ್ಲಿ ಕೂತು ಯಾಕೆ ಅಂತ ಕೇಳಬೇಕಾಗಲಿಲ್ಲ.

ಕರ್ನಾಟಕದಲ್ಲಿ ಕೂತವರಿಗೆ ಇದೆಲ್ಲಾ ಯಾಕೆ?

ಕರುಣ್ ನಾಯರ್ ವಿಷಯ ಬಂದರೆ ನಮ್ಮವರು ಈಗಲೂ ದನಿ ಏರಿಸುತ್ತಾರೆ, ಅಲ್ವಾ? 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ಎದುರು ಔಟಾಗದೆ 303. ಆಮೇಲೆ ಸ್ವಲ್ಪವೇ ಅವಕಾಶ, 2017ಕ್ಕೆ ತಂಡದಿಂದ ಹೊರಗೆ. ವಾಪಸ್ ಬಂದದ್ದು 2025ರ ಜೂನ್‌ನಲ್ಲಿ, ಲೀಡ್ಸ್‌ನ ಹೆಡಿಂಗ್ಲೆ ಮೈದಾನದಲ್ಲಿ. ಎಂಟು ವರ್ಷ. ಆಯ್ಕೆ ಅಂದರೆ ಒಬ್ಬ ಮನುಷ್ಯನ ಒಳ್ಳೆಯ ವರ್ಷಗಳು ಅಂತ ಅವರನ್ನು ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ವಿಷಯ ಗೊತ್ತಾ? ಹೆಡಿಂಗ್ಲೆಯಲ್ಲಿ ಕ್ರಿಕೆಟ್ ಮೈದಾನ ಮತ್ತು ರಗ್ಬಿ ಲೀಗ್ ಮೈದಾನ ಬೆನ್ನಿಗೆ ಬೆನ್ನು ಕೊಟ್ಟುಕೊಂಡಿವೆ. ನಡುವೆ ಒಂದೇ ಸ್ಟ್ಯಾಂಡ್, ಎರಡು ಮುಖ. ಕರುಣ್ ವಾಪಸ್ ಬಂದ ಐದು ತಿಂಗಳಿಗೆ ಆ ಸ್ಟ್ಯಾಂಡಿನ ಇನ್ನೊಂದು ಕಡೆ ಇಂಗ್ಲೆಂಡ್ ರಗ್ಬಿ ಲೀಗ್ ತಂಡ ಆ್ಯಶಸ್‌ನ ಮೂರನೇ ಟೆಸ್ಟ್ ಆಡಿತು.

ಇಂಗ್ಲೆಂಡ್ ಯಾಕೆ ಗೆಲ್ಲುತ್ತಿಲ್ಲ?

2025ರ ಸರಣಿ ನೋಡಿ. 2003ರ ನಂತರ ಮೊದಲ ಆ್ಯಶಸ್. ವೆಂಬ್ಲಿಯಲ್ಲಿ 26-6, ಲಿವರ್‌ಪೂಲ್‌ನಲ್ಲಿ 14-4, ಹೆಡಿಂಗ್ಲೆಯಲ್ಲಿ 30-8. ಮೂರು ಪಂದ್ಯಕ್ಕೆ ಆಸ್ಟ್ರೇಲಿಯಾ 70 ಅಂಕ, ಇಂಗ್ಲೆಂಡ್ 18. ಬ್ರಿಟನ್ ಕೊನೆಯದಾಗಿ ಆ್ಯಶಸ್ ಗೆದ್ದದ್ದು 1970ರಲ್ಲಿ. ವಿಶ್ವಕಪ್ ಗೆದ್ದದ್ದು 1972ರಲ್ಲಿ.

ಹಿಂದೆ ನಿಂತು ತಡೆಯುವುದು ಇಂಗ್ಲೆಂಡಿಗೆ ಚೆನ್ನಾಗಿ ಬರುತ್ತದೆ. ಲಿವರ್‌ಪೂಲ್‌ನ ಎರಡನೇ ಟೆಸ್ಟ್‌ನಲ್ಲಿ ಅದು ಕಂಡಿತು. ಚೆಂಡು ಕೈಯಲ್ಲಿ ಇದ್ದಾಗ ಏನು ಮಾಡಬೇಕು ಅನ್ನುವುದೇ ಕಷ್ಟ. ಅದಕ್ಕೆ ಕಾರಣ ಹಾಫ್‌ಗಳ ಜೋಡಿ ಪದೇ ಪದೇ ಬದಲಾಗುವುದು ಅಂತ ನನಗೆ ಅನ್ನಿಸುತ್ತದೆ. ಮೊದಲ ಟೆಸ್ಟ್‌ಗೆ ನಾಯಕ ಜಾರ್ಜ್ ವಿಲಿಯಮ್ಸ್ ಜೊತೆ ಮೈಕಿ ಲೂಯಿಸ್, ಎರಡನೆಯದಕ್ಕೆ ಹ್ಯಾರಿ ಸ್ಮಿತ್. 6 ಮತ್ತು 7ನೇ ನಂಬರಿನವರು ಗಂಡ-ಹೆಂಡತಿ ಇದ್ದ ಹಾಗೆ. ಕಣ್ಸನ್ನೆಯಲ್ಲೇ ಮಾತು ಮುಗಿಯಬೇಕು. ಒಂದು ಪಂದ್ಯ ನೋಡಿ ಬದಲಾಯಿಸಿದರೆ ಯಾವ ಜೋಡಿ ಕೂಡುತ್ತದೆ ಹೇಳಿ. ನಾನಾಗಿದ್ದರೆ ಇಬ್ಬರನ್ನು ಆರಿಸಿ, ಎರಡು ವರ್ಷ ಇವರೇ ಅಂತ ಮೊದಲೇ ಹೇಳಿಬಿಡುತ್ತಿದ್ದೆ.

ಆಸ್ಟ್ರೇಲಿಯಾ ಕಡೆ ನೋಡಿ. ಕೋಚ್ ಕೆವಿನ್ ವಾಲ್ಟರ್ಸ್ ಎಲ್ಲರಿಗಿಂತ ಹಿಂದೆ ನಿಲ್ಲುವ ಫುಲ್‌ಬ್ಯಾಕ್ ಜಾಗಕ್ಕೆ ರೀಸ್ ವಾಲ್ಶ್ ಅವರನ್ನು ಮೊದಲ ಸಲ ಇಳಿಸಿದ್ದು ವೆಂಬ್ಲಿಯಲ್ಲಿ. ಆ ಹುಡುಗ ಎರಡು ಟ್ರೈ ಹೊಡೆದ. ಧೈರ್ಯವಾಗಿ ಆರಿಸಿದರೆ ಹೀಗೂ ಆಗುತ್ತದೆ.

ಆಸ್ಟ್ರೇಲಿಯಾದಲ್ಲಿ ಹುಟ್ಟಿದವರನ್ನು ಇಂಗ್ಲೆಂಡ್ ಆರಿಸುವುದು ಸರಿಯಾ?

ಸರಿ. ವಿಕ್ಟರ್ ರ್‍ಯಾಡ್ಲಿ ಸಿಡ್ನಿ ಹುಡುಗ, ಅಪ್ಪ ಶೆಫೀಲ್ಡ್‌ನವರು. ಟೋಂಗಾಕ್ಕೆ ಒಂದು ನ್ಯಾಯ, ಇಂಗ್ಲೆಂಡಿಗೆ ಇನ್ನೊಂದು ನ್ಯಾಯ ಆಗಬಾರದು.

ಸ್ಟೇಟ್ ಆಫ್ ಒರಿಜಿನ್ ಇರುವಾಗ ದೇಶದ ಪಂದ್ಯಗಳು ಯಾರಿಗೆ ಬೇಕು?

ಒರಿಜಿನ್ ಅಂದರೆ ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಸರಣಿ. 1980ರಲ್ಲಿ ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ ಶುರುವಾಯಿತು. ಸಿಡ್ನಿಯಲ್ಲಿ ಕ್ಲಬ್ ಆಟ ಆಡುತ್ತಿದ್ದ ಆರ್ಥರ್ ಬೀಟ್ಸನ್ ತಮ್ಮ 35ನೇ ವಯಸ್ಸಿನಲ್ಲಿ ಹುಟ್ಟಿದ ರಾಜ್ಯ ಕ್ವೀನ್ಸ್‌ಲೆಂಡ್‌ಗೆ ನಾಯಕರಾಗಿ ಬಂದು 20-10ರಿಂದ ಗೆಲ್ಲಿಸಿದರು. 1973ರಲ್ಲಿ ಆಸ್ಟ್ರೇಲಿಯಾ ತಂಡದ ನಾಯಕರಾಗಿದ್ದವರು ಅವರು. ಯಾವುದೇ ಆಟದಲ್ಲಿ ಆ ದೇಶದ ತಂಡಕ್ಕೆ ನಾಯಕನಾದ ಮೊದಲ ಮೂಲನಿವಾಸಿ. ಒರಿಜಿನ್ ಪಂದ್ಯದ ರಾತ್ರಿ ಇಲ್ಲಿನ ಬೀದಿಗಳು ಖಾಲಿ. ಅದರ ಬಗ್ಗೆ ನನಗೆ ಗೌರವವೇ ಇದೆ.

ಆದರೆ ವರ್ಷಗಟ್ಟಲೆ ಇದ್ದ ಒಂದು ನಿಯಮ ನೋವು ಕೊಟ್ಟಿದೆ. ನ್ಯೂಜಿಲೆಂಡ್‌ಗೋ ಇಂಗ್ಲೆಂಡಿಗೋ ಆಡಿದವನಿಗೆ ಒರಿಜಿನ್ ಬಾಗಿಲು ಮುಚ್ಚಿರುತ್ತಿತ್ತು. ಬಾಲ್ಯದಲ್ಲೇ ಬ್ರಿಸ್ಬೇನ್‌ಗೆ ಬಂದು ಬೆಳೆದ ನ್ಯೂಜಿಲೆಂಡ್ ಮೂಲದ ಹುಡುಗ ದೇಶವನ್ನು ಆರಿಸಬೇಕಾದಾಗ ಅವನ ತಲೆಯಲ್ಲಿ ಓಡುತ್ತಿದ್ದದ್ದು ರಾಜ್ಯದ ಪಂದ್ಯ ಮತ್ತು ಅದರ ಹತ್ತಾರು ಸಾವಿರ ಡಾಲರ್. ದೇಶದ ಜರ್ಸಿ ಹೀಗೆ ಇನ್ನೊಂದು ಸರಣಿಗೆ ಟಿಕೆಟ್ ಆಗಬಾರದು. ಬೆಳೆದ ರಾಜ್ಯ ಒಂದು, ಮನಸ್ಸಿನ ದೇಶ ಒಂದು. ಎರಡನ್ನೂ ಬಿಡಿಸಿ ಇಡಿ ಅನ್ನುವುದು ನನ್ನ ಬಹಳ ದಿನದ ಆಸೆ.

ಹಿಂದಿನ ಕಾಲದಲ್ಲಿ ಆಯ್ಕೆ ಇದಕ್ಕಿಂತ ನ್ಯಾಯವಾಗಿತ್ತಾ?

ರಾಯ್ ಫ್ರಾನ್ಸಿಸ್ ಅವರ ಕಥೆ ಕೇಳಿ. ವೇಲ್ಸ್‌ನ ಕಪ್ಪುವರ್ಣೀಯ ವಿಂಗರ್. 1946ರಲ್ಲಿ ಯುದ್ಧ ಮುಗಿದು ಬ್ರಿಟನ್ ತಂಡ 'ಇಂಡೊಮಿಟಬಲ್' ಅನ್ನುವ ಯುದ್ಧನೌಕೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿತು. ಆಟ ನೋಡಿದರೆ ಅವರು ಆ ನೌಕೆಯಲ್ಲಿ ಇರಬೇಕಿತ್ತು. ಆಗಿನ ಆಸ್ಟ್ರೇಲಿಯಾದಲ್ಲಿ ವರ್ಣಭೇದದ ನೀತಿ ಇತ್ತು. ಅದರ ನೆಪದಲ್ಲಿ ಬಿಟ್ಟುಬಿಟ್ಟರು. ಮರುವರ್ಷ ನ್ಯೂಜಿಲೆಂಡ್ ಎದುರು ಒಂದೇ ಒಂದು ಟೆಸ್ಟ್ ಸಿಕ್ಕಿತು. ಅದರಲ್ಲಿ ಎರಡು ಟ್ರೈ ಹೊಡೆದರು. ಮತ್ತೆ ಕರೆಯಲಿಲ್ಲ. ಮುಂದೆ ಹಲ್ ಎಫ್‌ಸಿ ತಂಡದ ಕೋಚ್ ಆಗಿ ತರಬೇತಿಯ ರೀತಿಯನ್ನೇ ಬದಲಾಯಿಸಿದರು. ಅವರ ಹೆಸರು ಬಂದಾಗೆಲ್ಲಾ ಆ ನೌಕೆಯಲ್ಲಿ ಖಾಲಿ ಉಳಿದ ಒಂದು ಜಾಗ ನನ್ನ ಕಣ್ಣ ಮುಂದೆ ಬರುತ್ತದೆ.

ಕಾರ್ಡಿಫ್‌ನ ಬಂದರು ಬೀದಿಯಿಂದ ಬಂದ ಬಿಲ್ಲಿ ಬೋಸ್ಟನ್ 1954ರಲ್ಲಿ ಬ್ರಿಟನ್ ತಂಡದ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋದ ಮೊದಲ ಕಪ್ಪುವರ್ಣೀಯ ಆಟಗಾರರಾದರು. ಆದರೂ 1957ರಲ್ಲಿ ವಿಶ್ವಕಪ್ ಮುಗಿಸಿ ತಂಡ ವರ್ಣಭೇದ ಇದ್ದ ದಕ್ಷಿಣ ಆಫ್ರಿಕಾದಲ್ಲಿ ಪ್ರದರ್ಶನ ಪಂದ್ಯ ಆಡಲು ಹೋದಾಗ ಇವರು ಬೇರೆಯಾಗಿ ಮನೆಗೆ ಬರಬೇಕಾಯಿತು. ಆಟದ ಬದುಕಿನಲ್ಲಿ 571 ಟ್ರೈ. 2025ರಲ್ಲಿ ಅವರಿಗೆ 'ಸರ್' ಪದವಿ ಕೊಟ್ಟರು. ರಗ್ಬಿ ಲೀಗ್‌ಗೆ ಬಂದ ಮೊದಲ 'ಸರ್' ಅದು. ಆಟ ಹುಟ್ಟಿ 130 ವರ್ಷ ಆದ ಮೇಲೆ!

ಅದೇ ಕಾರ್ಡಿಫ್‌ನ ಕ್ಲೈವ್ ಸಲಿವನ್ 1972ರಲ್ಲಿ ಬ್ರಿಟನ್ ನಾಯಕರಾದರು. ಬ್ರಿಟನ್ನಿನ ಯಾವುದೇ ಆಟದ ದೇಶದ ತಂಡಕ್ಕೆ ಅವರೇ ಮೊದಲ ಕಪ್ಪುವರ್ಣೀಯ ನಾಯಕ. ಆ ವರ್ಷ ಲಿಯಾನ್‌ನಲ್ಲಿ ಆಸ್ಟ್ರೇಲಿಯಾ ಎದುರು ವಿಶ್ವಕಪ್ ಫೈನಲ್‌ನಲ್ಲಿ ತಮ್ಮ ಅರ್ಧದಿಂದ ಓಡಿ ಹೊಡೆದ ಟ್ರೈ ಈಗಲೂ ತೋರಿಸುತ್ತಾರೆ. 10-10ಕ್ಕೆ ಸಮವಾಗಿ, ಗುಂಪು ಹಂತದ ಲೆಕ್ಕದಲ್ಲಿ ಕಪ್ ಬ್ರಿಟನ್‌ಗೆ ಬಂತು. ಹಲ್ ಊರಿಗೆ ಹೋಗುವ ಹೆದ್ದಾರಿಗೆ ಅವರ ಹೆಸರಿದೆ. ಕಾರ್ಡಿಫ್‌ನಲ್ಲಿ 2023ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಬೋಸ್ಟನ್, ಸಲಿವನ್ ಮತ್ತು 1946ರ ಪ್ರವಾಸದ ನಾಯಕ ಗಸ್ ರಿಸ್ಮನ್ ಮೂವರೂ ಒಟ್ಟಿಗೆ ಇದ್ದಾರೆ.

ಪಪುವಾ ನ್ಯೂಗಿನಿಯಲ್ಲಿ ಇದು ನಿಜವಾಗಲೂ ರಾಷ್ಟ್ರೀಯ ಆಟವಾ?

ಹೌದು. 800ಕ್ಕೂ ಹೆಚ್ಚು ಭಾಷೆಗಳ ದೇಶ ಅದು. ಎಲ್ಲರನ್ನೂ ಒಂದು ಟಿವಿ ಮುಂದೆ ಕೂರಿಸುವುದು ಈ ಆಟ. ತಂಡದ ಹೆಸರು ಕುಮುಲ್ಸ್, ಅಂದರೆ ಸ್ವರ್ಗದ ಹಕ್ಕಿ. ಟೋಂಗಾ, ಸಮೋವಾ ತಂಡಗಳ ಹಾಗೆ ಹೊರದೇಶದಲ್ಲಿ ಬೆಳೆದವರನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಹುಡುಗರು ಊರಿನಲ್ಲೇ ಬೆಳೆದು ಬರುತ್ತಾರೆ. ಜಸ್ಟಿನ್ ಓಲಮ್ ಬೆಟ್ಟದ ಹಳ್ಳಿಯವರು. ಲೇ ನಗರದಲ್ಲಿ ಭೌತವಿಜ್ಞಾನ ಓದಿದವರು. ಮೆಲ್ಬರ್ನ್ ಸ್ಟಾರ್ಮ್ ಕ್ಲಬ್ ಜೊತೆ 2020ರಲ್ಲಿ ಎನ್‌ಆರ್‌ಎಲ್ (ಇಲ್ಲಿನ ಕ್ಲಬ್‌ಗಳ ದೊಡ್ಡ ಲೀಗ್) ಪ್ರಶಸ್ತಿ ಗೆದ್ದರು. 2021ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಸೆಂಟರ್ ಆದರು. ಆಸ್ಟ್ರೇಲಿಯಾ ಸರ್ಕಾರ ಹತ್ತು ವರ್ಷಕ್ಕೆ 60 ಕೋಟಿ ಡಾಲರ್ ಕೊಡಲು ಒಪ್ಪಿ, ಪೋರ್ಟ್ ಮೋರ್ಸ್‌ಬಿಯ ಕ್ಲಬ್ಬೊಂದು 2028ರಲ್ಲಿ ಎನ್‌ಆರ್‌ಎಲ್‌ಗೆ ಬರುವುದು ನಿಗದಿಯಾಗಿದೆ. ಅಷ್ಟು ದುಡ್ಡು ಹರಿಯುವುದರ ಹಿಂದೆ ರಾಜತಾಂತ್ರಿಕ ಲೆಕ್ಕವೂ ಇದೆ. ಇರಲಿ. ಓಲಮ್ ತರಹದ ಇನ್ನಷ್ಟು ಹುಡುಗರಿಗೆ ತಮ್ಮ ಊರಿನಲ್ಲೇ ದಾರಿ ಸಿಕ್ಕರೆ ನನಗೆ ಸಂತೋಷ.

ಫ್ರಾನ್ಸ್ ಎಲ್ಲಿ ಹೋಯಿತು?

1954ರಲ್ಲಿ ಮೊದಲ ವಿಶ್ವಕಪ್ ನಡೆಸಿದ್ದೇ ಫ್ರಾನ್ಸ್. ಫೈನಲ್‌ನಲ್ಲಿ ಬ್ರಿಟನ್ ಎದುರು 16-12ರಿಂದ ಸೋತಿತು. ಅದಕ್ಕೂ ಮುಂಚೆ 1941ರಲ್ಲಿ, ಮಹಾಯುದ್ಧದ ಹೊತ್ತಿನಲ್ಲಿ, ಜರ್ಮನಿಯ ಜೊತೆ ಕೈಜೋಡಿಸಿದ್ದ ಅಲ್ಲಿನ ವಿಶಿ ಸರ್ಕಾರ ಈ ಆಟವನ್ನೇ ನಿಷೇಧಿಸಿ, ಅದರ ಆಸ್ತಿಯನ್ನು ಕಿತ್ತುಕೊಂಡಿತ್ತು. ಆ ಪೆಟ್ಟು ಇನ್ನೂ ಮಾಗಿಲ್ಲ. 2025ರ ವಿಶ್ವಕಪ್ ಅಲ್ಲೇ ನಡೆಯಬೇಕಿತ್ತು. 2023ರಲ್ಲಿ ಆಗಲ್ಲ ಅಂತ ಕೈಬಿಟ್ಟರು.

ಹೆಂಗಸರ ತಂಡಗಳ ಬಗ್ಗೆ ಏನಂತೀರಿ?

ಆಸ್ಟ್ರೇಲಿಯಾದವರು ತುಂಬಾ ಮುಂದೆ ಹೋಗಿದ್ದಾರೆ. 2025ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಇಂಗ್ಲೆಂಡ್ ಎದುರು 90-4. ಒಂದು ಕಡೆ ಸಂಬಳ ಪಡೆದು ದಿನಾ ತರಬೇತಿ ಮಾಡುವವರು, ಇನ್ನೊಂದು ಕಡೆ ಬಹುಪಾಲು ಬೇರೆ ಕೆಲಸ ಮುಗಿಸಿ ಸಂಜೆ ಬರುವವರು. ಇದು ಆಯ್ಕೆಯ ತಪ್ಪಲ್ಲ. 1895ರಲ್ಲಿ ಗಣಿ ಕೆಲಸಗಾರರು ಕೇಳಿದ್ದನ್ನೇ ಈ ಹೆಣ್ಣುಮಕ್ಕಳಿಗೆ ಈಗ ಕೊಡಬೇಕು.

ಗಾಲಿಕುರ್ಚಿಯ ರಗ್ಬಿ ಲೀಗ್ ನೋಡಿಲ್ಲ ಅಂದರೆ ದಯವಿಟ್ಟು ನೋಡಿ. 2022ರ ಫೈನಲ್‌ನಲ್ಲಿ ಇಂಗ್ಲೆಂಡ್ ಫ್ರಾನ್ಸನ್ನು 28-24ರಿಂದ ಸೋಲಿಸಿತು. ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಆಡುತ್ತಾರೆ.

ನಿಮ್ಮ ಕೈಗೆ ಅಧಿಕಾರ ಕೊಟ್ಟರೆ?

ವರ್ಷಕ್ಕೊಂದು ಸಲ, ಅಕ್ಟೋಬರ್-ನವೆಂಬರ್‌ನಲ್ಲಿ, ಯಾವ ಕ್ಲಬ್ಬೂ ಮುಟ್ಟದ ಹಾಗೆ ದೇಶಗಳ ಪಂದ್ಯಗಳನ್ನು ಕಟ್ಟಿಡುತ್ತೇನೆ. ಹತ್ತು ವರ್ಷದ ಪಟ್ಟಿ ಈಗಲೇ ಗೋಡೆಗೆ ಅಂಟಿಸುತ್ತೇನೆ. ದೇಶಕ್ಕೆ ಆಡುವ ಎಲ್ಲರಿಗೂ ಪಂದ್ಯದ ಸಂಭಾವನೆ ಒಂದೇ ಇರಬೇಕು. ಟೋಂಗಾ ಆಟಗಾರನ ಮೊಣಕಾಲು ಮುರಿದರೂ ನೋವು ಅಷ್ಟೇ. ತಂಡ ಪ್ರಕಟಿಸುವ ದಿನ ಕೋಚ್ ಕ್ಯಾಮೆರಾ ಮುಂದೆ ಕೂತು, ಬಿಟ್ಟ ಹೆಸರುಗಳ ಬಗ್ಗೆಯೂ ಮಾತಾಡಬೇಕು. ಮತ್ತೆ ಆ ಮೊದಲ ದರ್ಜೆ, ಎರಡನೇ ದರ್ಜೆ ಅನ್ನುವ ಮಾತು ಬೇಡ. 2023ರಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು 30-0ರಿಂದ ಸೋಲಿಸಿತು, ಟೋಂಗಾ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಗ್ರೇಟ್ ಬ್ರಿಟನ್ ಮೂರನ್ನೂ ಸೋಲಿಸಿದೆ, ಫಿಜಿ 2017ರಲ್ಲಿ ನ್ಯೂಜಿಲೆಂಡನ್ನು 4-2ರಿಂದ ಮನೆಗೆ ಕಳಿಸಿತು. ದರ್ಜೆ ಅನ್ನುವುದು ಮೈದಾನದಲ್ಲಿ ತೀರ್ಮಾನವಾಗಲಿ.

2026ರ ವಿಶ್ವಕಪ್‌ನಲ್ಲಿ ನೀವು ಯಾರ ಕಡೆ?

ಅಕ್ಟೋಬರ್-ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಆತಿಥ್ಯದಲ್ಲಿ ನಡೆಯಲು ನಿಗದಿಯಾದ ಟೂರ್ನಿ ಅದು. ಗಂಡಸರಲ್ಲಿ ಹತ್ತು ತಂಡ. ನಾನು ಇರುವುದು ಆಸ್ಟ್ರೇಲಿಯಾದಲ್ಲಿ, ಇಲ್ಲಿನ ಅನ್ನ ತಿನ್ನುತ್ತಿದ್ದೇನೆ, ಅವರು ಗೆದ್ದರೆ ಚಪ್ಪಾಳೆ ಹೊಡೆಯುತ್ತೇನೆ. ಆದರೆ ಟೋಂಗಾದ ಆ ಕೆಂಪು ಬಾವುಟ ನನ್ನ ಮನೆಯಲ್ಲೂ ಒಂದಿದೆ. 2024ರ ಫೈನಲ್ ಮುಗಿದ ಮೇಲೆ ಪಕ್ಕದ ಸೀಟಿನ ಟೋಂಗಾ ಅಮ್ಮ ನನ್ನ ಕೈಗೆ ಕೊಟ್ಟದ್ದು. "ಇಟ್ಟುಕೊಳ್ಳಪ್ಪ, ಮುಂದಿನ ಸಲ ಬೇಕಾಗುತ್ತದೆ" ಅಂದರು. ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದೇನೆ.